ತೆರಿಗೆಗೆ ಕೋಣೆ ಕಾಣುತ್ತದೆ, ಕುಟುಂಬ ಕಾಣುವುದಿಲ್ಲ

ಏಪ್ರಿಲ್ ಹತ್ತಿರ ಬಂತೆಂದರೆ ಹೊರನಾಡ ಕನ್ನಡಿಗರ ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಸುತ್ತತೊಡಗುತ್ತದೆ: ಈ ಸಲ ಎಲ್ಲರೂ ಎಲ್ಲಿ ಸೇರೋಣ? ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಹೈದರಾಬಾದಿನಲ್ಲಿ, ತಂಗಿ ಚೆನ್ನೈಯಲ್ಲಿ, ಅಪ್ಪ ಅಮ್ಮ ಧಾರವಾಡದಲ್ಲೋ ದಾವಣಗೆರೆಯಲ್ಲೋ. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ರಜೆ ಅಂದರೆ ಊರು, ಊರು ಅಂದರೆ ಅಜ್ಜಿ ಮನೆ. ಪಡಸಾಲೆಯಲ್ಲಿ ಚಾಪೆ ಹಾಸಿದರೆ ಹದಿನೈದು ಜನ ಮಲಗುತ್ತಿದ್ದರು. ಈಗ ಆ ಮನೆ ಪಾಲಾಗಿದೆ, ಇಲ್ಲವೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಆಗಿದೆ. ಹದಿನಾಲ್ಕು ಜನರಿಗೆ ಅಡುಗೆ ಮಾಡುವ ಶಕ್ತಿ ಅಮ್ಮನಿಗೂ ಉಳಿದಿಲ್ಲ.

ಹಾಗಾಗಿ ಉತ್ತರ ಬೇರೆ ದಿಕ್ಕಿನಿಂದ ಬರುತ್ತಿದೆ. ಮಕ್ಕಳಿಗೆ ಆಟ, ದೊಡ್ಡವರಿಗೆ ವಿಶ್ರಾಂತಿ, ಅಡುಗೆಯ ತಲೆನೋವಿಲ್ಲ ಎಂದು ಥೀಮ್ ಪಾರ್ಕ್ ಪಕ್ಕದ ರೆಸಾರ್ಟ್ ಹೆಚ್ಚಿನ ಮನೆಗಳಲ್ಲಿ ಗೆಲ್ಲುತ್ತಿದೆ. ನಾನಿರುವ ಪುಣೆಯ ಕನ್ನಡಿಗರ ವಲಯದಲ್ಲಿ ಇದು ಈಗ ಮಾಮೂಲು ಮಾತು. ಆದರೆ ದೊಡ್ಡ ಕುಟುಂಬಕ್ಕೆ ತಂಗುದಾಣ ಆರಿಸುವುದು ಗಂಡ, ಹೆಂಡತಿ, ಒಂದು ಮಗುವಿಗೆ ಕೋಣೆ ಹಿಡಿದಷ್ಟು ಸರಳವಲ್ಲ. ಅದರ ಹಿಂದೆ ನಮ್ಮ ತೆರಿಗೆ ನೀತಿಯ ಒಂದು ವಿಚಿತ್ರವೂ ಇದೆ. ಅದನ್ನು ತಿಳಿಯದೆ ಬುಕ್ ಮಾಡಿದರೆ ಎರಡು ರಾತ್ರಿಗೆ ಏಳೆಂಟು ಸಾವಿರ ರೂಪಾಯಿ ಸುಮ್ಮನೆ ಹೋಗುತ್ತದೆ.

ದಿನದ ಪ್ರವಾಸ ತಂಗುವ ಪ್ರವಾಸವಾದ ಬಗೆ

ಒಂದು ಕಾಲಕ್ಕೆ ನಮ್ಮಲ್ಲಿ ಪಾರ್ಕ್ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವುದು. 1989ರಲ್ಲಿ ಮುಂಬೈಯ ಗೋರಾಯಿಯಲ್ಲಿ ತೆರೆದ ಎಸ್ಸೆಲ್‌ವರ್ಲ್ಡ್‌ಗೆ ದೋಣಿ ದಾಟಿ ಹೋದವರು ರಾತ್ರಿಯೊಳಗೆ ಮನೆಗೆ ಮರಳುತ್ತಿದ್ದರು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ಆ ಲೆಕ್ಕ ಬದಲಿಸಿತು. 1996ರಲ್ಲಿ ಶುರುವಾದ ಈ ಚಿತ್ರನಗರಿ ವಿಶ್ವದ ಅತಿದೊಡ್ಡ ಸ್ಟುಡಿಯೊ ಸಂಕೀರ್ಣವೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಅದರ ಆವರಣದಲ್ಲೇ ಸಿತಾರಾ, ತಾರಾ ಮುಂತಾದ ಬೇರೆ ಬೇರೆ ದರ್ಜೆಯ ಹೋಟೆಲುಗಳಿವೆ. ಬಿಡದಿಯಲ್ಲಿ 2005ರಲ್ಲಿ ಬಂದ ವಂಡರ್‌ಲಾ 2012ರಲ್ಲಿ 84 ಕೋಣೆಗಳ ರೆಸಾರ್ಟ್ ಕಟ್ಟಿತು. 2025ರಲ್ಲಿ ಅಲ್ಲೇ 'ದಿ ಐಲ್' ಎಂಬ ಇನ್ನೂ ಮೇಲಿನ ದರ್ಜೆಯ ತಂಗುದಾಣವನ್ನೂ ಸೇರಿಸಿತು. ಮುಂಬೈ ಮತ್ತು ಪುಣೆ ನಡುವೆ ಖೋಪೋಲಿಯಲ್ಲಿರುವ ಇಮ್ಯಾಜಿಕಾ 2013ರಲ್ಲಿ ಬಾಗಿಲು ತೆರೆಯಿತು. ಅದನ್ನು ಕಟ್ಟಿದವರು ನಮ್ಮ ಕರಾವಳಿ ಮೂಲದ ಚಿತ್ರೋದ್ಯಮಿ ಮನಮೋಹನ ಶೆಟ್ಟಿ. ಪಾರ್ಕಿಗೆ ಅಂಟಿಕೊಂಡೇ ಇರುವ ನೊವೊಟೆಲ್‌ನಲ್ಲಿ ಈಗ 287 ಕೋಣೆಗಳಿವೆ. ಚೆನ್ನೈ ಹತ್ತಿರದ ತಿರುಪೋರೂರಿನಲ್ಲಿ 2025ರ ಡಿಸೆಂಬರ್‌ನಲ್ಲಿ ವಂಡರ್‌ಲಾದ ಹೊಸ ಪಾರ್ಕ್ ಬಂದಿದೆ.

ಕಂಪನಿಗಳಿಗೆ ಇದರಲ್ಲಿ ಲಾಭದ ಲೆಕ್ಕ ಸರಳ. ದಿನಕ್ಕೆ ಬಂದು ಹೋಗುವವನಿಂದ ಸಿಗುವುದು ಒಂದು ಟಿಕೆಟ್, ಒಂದು ಊಟ. ಉಳಿದುಕೊಳ್ಳುವವನಿಂದ ಕೋಣೆ, ಮೂರು ಹೊತ್ತಿನ ಊಟ, ಎರಡನೇ ದಿನದ ಟಿಕೆಟ್ ಎಲ್ಲವೂ ಸಿಗುತ್ತವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಅವರ ಲೆಕ್ಕ ಚೊಕ್ಕವಾಗಿರುವಾಗ ನಮ್ಮ ಲೆಕ್ಕವೂ ಚೊಕ್ಕವಾಗಿರಬೇಕು.

7,500 ರೂಪಾಯಿಯ ಗೆರೆ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಹೋಟೆಲ್ ಕೋಣೆಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದಿನಕ್ಕೆ 7,500 ರೂ.ವರೆಗಿನ ಕೋಣೆಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನ ಕೋಣೆಗಳಿಗೆ ಶೇ 18 ಹಾಗೇ ಉಳಿಯಿತು. ಪಾರ್ಕಿನ ಪ್ರವೇಶ ಟಿಕೆಟ್ಟಿಗೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಶೇ 28 ಇತ್ತು, 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯಿತು. ಈಗಲೂ ಅದೇ ಇದೆ.

ಸುದ್ದಿಯ ತಲೆಬರಹದಲ್ಲಿ ಬಾರದ ಮಾತು ಇನ್ನೊಂದಿದೆ. ಈ 7,500 ರೂ. ಲೆಕ್ಕ ತಲೆಗೆ ಇಷ್ಟು ಎಂದಲ್ಲ, 'ಒಂದು ಘಟಕಕ್ಕೆ, ಒಂದು ದಿನಕ್ಕೆ' ಎಂದು. ಘಟಕ ಅಂದರೆ ನೀವು ಬಾಡಿಗೆಗೆ ಪಡೆಯುವ ಒಂದು ಕೋಣೆ, ಒಂದು ಕಾಟೇಜ್ ಅಥವಾ ಒಂದು ಇಡೀ ವಿಲ್ಲಾ. ಅದರಲ್ಲಿ ಇಬ್ಬರು ಮಲಗಿದರೂ ಒಂದೇ, ಹದಿನಾಲ್ಕು ಜನ ಮಲಗಿದರೂ ಒಂದೇ.

ಒಂದು ಉದಾಹರಣೆ ನೋಡೋಣ. ಹದಿನಾಲ್ಕು ಜನರ ಕುಟುಂಬ 28,000 ರೂ. ಬಾಡಿಗೆಯ ವಿಲ್ಲಾ ಹಿಡಿಯಿತು ಎಂದುಕೊಳ್ಳಿ. ಒಂದೇ ಘಟಕ, 7,500 ದಾಟಿದೆ, ಆದ್ದರಿಂದ ಶೇ 18ರಂತೆ 5,040 ರೂ. ತೆರಿಗೆ. ಒಟ್ಟು 33,040 ರೂ. ಅದೇ ಕುಟುಂಬ 5,600 ರೂ.ಗಳ ಐದು ಕೋಣೆ ಹಿಡಿದರೆ ಬಾಡಿಗೆ ಅಷ್ಟೇ, 28,000 ರೂ. ತೆರಿಗೆ ಮಾತ್ರ ಶೇ 5ರಂತೆ 1,400 ರೂ. ಒಟ್ಟು 29,400 ರೂ. ಒಂದು ರಾತ್ರಿಗೆ 3,640 ರೂ., ಎರಡು ರಾತ್ರಿಗೆ 7,280 ರೂ. ವ್ಯತ್ಯಾಸ. ಜನ ಅವರೇ, ಬಾಡಿಗೆ ಅದೇ, ಬದಲಾದದ್ದು ಬಾಗಿಲುಗಳ ಸಂಖ್ಯೆ ಮಾತ್ರ.

ಇದನ್ನೇ ತಲೆಲೆಕ್ಕದಲ್ಲಿ ನೋಡಿದರೆ ವಿಚಿತ್ರ ಇನ್ನೂ ಎದ್ದು ಕಾಣುತ್ತದೆ. ಆ ವಿಲ್ಲಾದಲ್ಲಿ ತಲೆಗೆ ಬೀಳುವ ಬಾಡಿಗೆ 2,000 ರೂ., ತೆರಿಗೆ 360 ರೂ. ಅದೇ ಊರಿನಲ್ಲಿ 7,400 ರೂ. ಕೋಣೆಯಲ್ಲಿ ಇಬ್ಬರೇ ಉಳಿದರೆ ತಲೆಗೆ ಬಾಡಿಗೆ 3,700 ರೂ., ತೆರಿಗೆ 185 ರೂ. ಕಡಿಮೆ ಖರ್ಚಿನಲ್ಲಿ ಒತ್ತಾಗಿ ಮಲಗುವ ಅಜ್ಜಿ, ಮೊಮ್ಮಕ್ಕಳು ಐಷಾರಾಮಿಗಳು. ತಲೆಗೆ ಹೆಚ್ಚುಕಡಿಮೆ ಎರಡು ಪಟ್ಟು ಖರ್ಚು ಮಾಡುವ ದಂಪತಿ ಸಾಮಾನ್ಯರು. ತೆರಿಗೆಗೆ ಕೋಣೆ ಕಾಣುತ್ತದೆ, ಅದರೊಳಗಿನ ಕುಟುಂಬ ಕಾಣುವುದಿಲ್ಲ.

ಈ ಗೆರೆಯ ಅಂಚಿನಲ್ಲೂ ಹುಷಾರಾಗಿರಬೇಕು. 7,500 ರೂ. ಕೋಣೆಗೆ ತೆರಿಗೆ ಸೇರಿ 7,875 ರೂ. ಆಗುತ್ತದೆ. 7,600 ರೂ. ಕೋಣೆಗೆ 8,968 ರೂ. ಬಾಡಿಗೆಯಲ್ಲಿ ನೂರು ರೂಪಾಯಿ ಏರಿದರೆ ಬಿಲ್ಲಿನಲ್ಲಿ 1,093 ರೂ. ಏರುತ್ತದೆ. ಹೋಟೆಲಿನ ಬೆಲೆ ಈಗ ದಿನದಿನವೂ ಬದಲಾಗುತ್ತದೆ. ತೆರಿಗೆ ನಿಂತಿರುವುದು ಫಲಕದ ಮೇಲಿನ ದರದ ಮೇಲಲ್ಲ, ಆ ದಿನಕ್ಕೆ ನಿಜವಾಗಿ ಪಡೆದ ಬೆಲೆಯ ಮೇಲೆ. ಅದೇ ಕೋಣೆ ಶನಿವಾರ 7,900 ರೂ. ಇದ್ದು ಭಾನುವಾರ ರಾತ್ರಿ 6,500ಕ್ಕೆ ಇಳಿದರೆ ಬಾಡಿಗೆ ಕಡಿಮೆ, ತೆರಿಗೆ ದರವೂ ಕಡಿಮೆ. ಶುಕ್ರವಾರ ಹೋಗಿ ಭಾನುವಾರ ಬರುವ ಬದಲು ಭಾನುವಾರ ಮಧ್ಯಾಹ್ನ ಸೇರಿ ಮಂಗಳವಾರ ಬಿಡುವ ಕುಟುಂಬಕ್ಕೆ ಎರಡೂ ಕಡೆ ಉಳಿತಾಯ, ಪಾರ್ಕಿನಲ್ಲಿ ಸಾಲೂ ಸಣ್ಣದು. ಎರಡು ದಿನದ ರಜೆ ಕೇಳಬೇಕು, ನಿಜ. ನಾಲ್ಕು ಊರಿನ ನಾಲ್ಕು ಮೇಲಧಿಕಾರಿಗಳನ್ನು ಒಪ್ಪಿಸುವ ಕೆಲಸ ಅದು.

ಹಾಗೆಯೇ ಹೆಚ್ಚುವರಿ ಹಾಸಿಗೆ. 6,800 ರೂ. ಕೋಣೆಗೆ 1,200 ರೂ.ಗಳ ಹಾಸಿಗೆ ಸೇರಿಸಿದರೆ ಆ ಘಟಕದ ಬೆಲೆ 8,000 ರೂ. ಎಂದು ಲೆಕ್ಕಕ್ಕೆ ಬಂದು ಮೇಲಿನ ದರ ಬೀಳಬಹುದು. ಕೋಣೆಗೆ ಮೂವರಂತೆ ತುಂಬುವ ಮೊದಲು ಬಿಲ್ ಹೇಗೆ ಬರುತ್ತದೆ ಎಂದು ಬರಹದಲ್ಲಿ ಕೇಳಿಕೊಳ್ಳಿ. ಒಂದು ಕೋಣೆ ಹೆಚ್ಚು ಹಿಡಿಯುವುದೇ ಕೆಲವೊಮ್ಮೆ ಲಾಭ.

ಊಟದ ಬಿಲ್ಲಿನಲ್ಲೂ ಅದೇ ಗೆರೆ

ದೊಡ್ಡ ಕುಟುಂಬದ ಖರ್ಚಿನಲ್ಲಿ ಕೋಣೆಯಷ್ಟೇ ದೊಡ್ಡದು ಊಟ. ಇಲ್ಲೂ 7,500ರ ನೆರಳಿದೆ. 2025ರ ಏಪ್ರಿಲ್ 1ರಿಂದ ಬಂದಿರುವ ನಿಯಮದ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ಒಂದು ಕೋಣೆಯನ್ನು ದಿನಕ್ಕೆ 7,500 ರೂ.ಗಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಿನ ಒಳಗಿನ ರೆಸ್ಟೊರೆಂಟ್ ಊಟಕ್ಕೆ ಶೇ 18 ತೆರಿಗೆ ಹಾಕಬೇಕು. ಹಾಗೆ ಕೊಡದಿದ್ದ, ತಾನಾಗಿ ಆ ವರ್ಗ ಆರಿಸಿಕೊಳ್ಳದ ಹೋಟೆಲಿನಲ್ಲಿ ಶೇ 5.

ಅಂದರೆ ನೀವು ಉಳಿಯುವುದು 5,000 ರೂ. ಕೋಣೆಯಲ್ಲಾದರೂ, ಅದೇ ಹೋಟೆಲಿನ ದೊಡ್ಡ ಸೂಟ್ ಕಳೆದ ವರ್ಷ ಯಾರಿಗೋ ಹತ್ತು ಸಾವಿರಕ್ಕೆ ಹೋಗಿದ್ದರೆ ನಿಮ್ಮ ಇಡ್ಲಿಗೂ ಶೇ 18. ಹದಿನಾಲ್ಕು ಜನರ ಒಂದು ದಿನದ ಊಟಕ್ಕೆ 14,000 ರೂ. ಆಯಿತೆಂದರೆ ಶೇ 18ರಂತೆ ತೆರಿಗೆ 2,520 ರೂ., ಶೇ 5ರಂತೆ 700 ರೂ. ದಿನಕ್ಕೆ 1,820 ರೂ. ವ್ಯತ್ಯಾಸ. ಪಾರ್ಕಿಗೆ ಹೊಂದಿಕೊಂಡ ದೊಡ್ಡ ಹೋಟೆಲುಗಳಲ್ಲಿ ವಿಶೇಷ ದಿನಗಳ ದರ ಸುಲಭವಾಗಿ 7,500 ದಾಟುವುದರಿಂದ ಅಲ್ಲಿ ಶೇ 18 ಬರುತ್ತದೆ ಎಂದೇ ಅಂದಾಜು ಮಾಡಿಕೊಳ್ಳುವುದು ಒಳ್ಳೆಯದು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುವ ಕೋಣೆ ಹಿಡಿದು, ಮಧ್ಯಾಹ್ನದ ಊಟ ಪಾರ್ಕಿನಲ್ಲಿ, ರಾತ್ರಿಯ ಊಟ ಒಮ್ಮೆಯಾದರೂ ಹೆದ್ದಾರಿಯ ಸಾಮಾನ್ಯ ಹೋಟೆಲಿನಲ್ಲಿ ಎಂದು ಹಂಚಿಕೊಂಡರೆ ಹೊರೆ ಇಳಿಯುತ್ತದೆ.

ಕೋಣೆ, ಟಿಕೆಟ್, ಊಟ ಮೂರನ್ನೂ ಒಂದೇ ಬೆಲೆಗೆ ಕಟ್ಟಿಕೊಡುವ ಪ್ಯಾಕೇಜ್ ಕಣ್ಣಿಗೆ ಚೆನ್ನ. ಆದರೆ ಬೇರೆ ಬೇರೆ ದರದ ವಸ್ತುಗಳನ್ನು ಒಂದೇ ಬೆಲೆಗೆ ಕೊಡುವುದು 'ಮಿಶ್ರ ಪೂರೈಕೆ' ಎಂದು ಪರಿಗಣನೆಯಾದರೆ, ಅದರಲ್ಲಿನ ಅತಿ ಹೆಚ್ಚಿನ ದರ ಇಡೀ ಮೊತ್ತಕ್ಕೆ ಅನ್ವಯವಾಗುತ್ತದೆ. ಶೇ 5ರ ಕೋಣೆಯೂ ಶೇ 18ಕ್ಕೆ ಏರುತ್ತದೆ. ಪ್ಯಾಕೇಜಿನ ಒಟ್ಟು ಬೆಲೆಯನ್ನು ಬಿಡಿಬಿಡಿಯಾಗಿ ಕೊಂಡ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಕೆಲವೊಮ್ಮೆ ಪ್ಯಾಕೇಜೇ ಅಗ್ಗ, ಕೆಲವೊಮ್ಮೆ ಅಲ್ಲ. ನೋಡದೆ ಹೇಳಲಾಗದು.

ಆಟ ಆಡದವರಿಗಾಗಿ ಕೋಣೆ

ತೆರಿಗೆ ಒಂದು ಭಾಗ ಅಷ್ಟೆ. ಆಯ್ಕೆಯ ನಿಜವಾದ ತೂಕ ಇರುವುದು ಬೇರೆ ಕಡೆ. ಪಾರ್ಕನ್ನು ಮಕ್ಕಳಿಗಾಗಿ ಆರಿಸುತ್ತೇವೆ, ಸರಿ. ತಂಗುದಾಣವನ್ನು ಮಾತ್ರ ರೋಲರ್ ಕೋಸ್ಟರ್ ಹತ್ತದವರಿಗಾಗಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಪ್ಪತ್ತು ದಾಟಿದ ಅಪ್ಪ, ಮಂಡಿನೋವಿನ ಅಮ್ಮ, ಹಾಲು ಕುಡಿಯುವ ಕೂಸು, ಅದರ ತಾಯಿ, ಗರ್ಭಿಣಿ ನಾದಿನಿ. ಹದಿನಾಲ್ಕರಲ್ಲಿ ಇಂಥವರು ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಆಟದವರಿಗೆ ರಾತ್ರಿ ಬಿದ್ದುಕೊಳ್ಳಲು ಎಲ್ಲಾದರೂ ಆದೀತು. ಈ ಐವರಿಗೆ ಮಾತ್ರ ಕೋಣೆಯೇ ಪ್ರವಾಸ.

ನಾಲ್ಕೂ ರಾಜ್ಯಗಳ ಶಾಲೆಗಳಿಗೆ ಒಟ್ಟಿಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಆಗ ಹೈದರಾಬಾದಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಚೆನ್ನೈಯಲ್ಲಿ ಸೆಖೆ, ಖೋಪೋಲಿಯಲ್ಲೂ ಮಧ್ಯಾಹ್ನ ಹೊರಗೆ ನಿಲ್ಲಲಾಗದು. ಹನ್ನೆರಡರಿಂದ ನಾಲ್ಕರವರೆಗೆ ಹಿರಿಯರಿಗೂ ಕೂಸಿಗೂ ತಂಪು ಕೋಣೆ ಬೇಕು. ಪಾರ್ಕ್ ಪಕ್ಕದ ದುಬಾರಿ ಹೋಟೆಲಿನ ನಿಜವಾದ ಬೆಲೆ ಇರುವುದು ಈ ನಾಲ್ಕು ತಾಸಿನಲ್ಲಿ. ನಡೆದು ಹೋಗಿ ಮಲಗಿ, ಸಂಜೆ ಮೆರವಣಿಗೆಗೋ ದೀಪಾಲಂಕಾರಕ್ಕೋ ಮರಳಿ ಬರಬಹುದು ಎಂಬುದಕ್ಕೆ ನಾವು ಹೆಚ್ಚು ಕೊಡುತ್ತಿದ್ದೇವೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಒಂದು ಸಲ ಹೊರಬಂದರೆ ಅದೇ ಟಿಕೆಟ್ಟಿನಲ್ಲಿ ಅದೇ ದಿನ ಮತ್ತೆ ಒಳಗೆ ಬಿಡುತ್ತಾರೆಯೇ? ರೆಸಾರ್ಟಿನ ಅತಿಥಿಗಳಿಗೆ ಕೈಪಟ್ಟಿ ಅಥವಾ ಮುದ್ರೆ ಇದೆಯೇ? ಇಲ್ಲ ಎಂದಾದರೆ ಪಕ್ಕದಲ್ಲಿದ್ದರೂ ಒಂದೇ, ಹತ್ತು ಕಿಲೊಮೀಟರ್ ದೂರದಲ್ಲಿದ್ದರೂ ಒಂದೇ. ಆಗ ಪಕ್ಕದ ಹೋಟೆಲಿನ ಹೆಚ್ಚುವರಿ ಬೆಲೆಗೆ ಅರ್ಥವಿಲ್ಲ.

ಎರಡನೆಯದು, ಹೋಟೆಲ್ ಬಾಗಿಲಿನಿಂದ ಪಾರ್ಕ್ ಬಾಗಿಲಿಗೆ ಎಷ್ಟು ಹೆಜ್ಜೆ? 'ಆವರಣದಲ್ಲೇ' ಎಂಬ ಮಾತು ಹಿಗ್ಗುವ ಮಾತು. ರಾಮೋಜಿ ಫಿಲ್ಮ್ ಸಿಟಿಯಂಥ ಸಾವಿರಾರು ಎಕರೆ ಲೆಕ್ಕದ ಜಾಗದಲ್ಲಿ ಆವರಣದೊಳಗೇ ಬಸ್ ಹತ್ತಬೇಕು. ಆ ಬಸ್ಸು ಎಷ್ಟು ಹೊತ್ತಿಗೊಮ್ಮೆ, ಮೆಟ್ಟಿಲು ಎಷ್ಟು ಎತ್ತರ ಎಂಬುದು ಮಂಡಿನೋವಿನವರಿಗೆ ಈಜುಕೊಳಕ್ಕಿಂತ ಮುಖ್ಯ. ಲಿಫ್ಟ್, ಬಚ್ಚಲಲ್ಲಿ ಹಿಡಿಕೆ, ಗಾಲಿಕುರ್ಚಿ, ಹತ್ತಿರದ ಆಸ್ಪತ್ರೆ ಈ ನಾಲ್ಕನ್ನೂ ಫೋನಿನಲ್ಲೇ ಕೇಳಿ.

ಮೂರನೆಯದು ಟಿಕೆಟ್. ಒಳಗೆ ಸುಮ್ಮನೆ ಕೂರುವವರಿಗೂ ಸಾಮಾನ್ಯವಾಗಿ ಟಿಕೆಟ್ ಬೇಕು. ಹಿರಿಯರಿಗೆ ಕೆಲವು ಪಾರ್ಕುಗಳಲ್ಲಿ ರಿಯಾಯಿತಿ ಇದೆ. ಮಕ್ಕಳ ಟಿಕೆಟ್ಟನ್ನು ಹಲವು ಕಡೆ ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ತೆಗೆದುಕೊಂಡು ಹೋದರೆ ಬಾಗಿಲಲ್ಲಿ ವಾದವೂ ಇಲ್ಲ, ದೊಡ್ಡ ಆಟಕ್ಕೆ ಬಿಡಲಿಲ್ಲವೆಂದು ಮಗುವಿನ ಅಳುವೂ ಇಲ್ಲ. ಉಳಿಯುವುದು ಎರಡು ದಿನವಾದರೆ ಹಿರಿಯರಿಗೆ ಒಂದೇ ದಿನದ ಟಿಕೆಟ್ ಕೊಂಡು, ಇನ್ನೊಂದು ದಿನ ರೆಸಾರ್ಟಿನಲ್ಲೇ ಬಿಡುವುದು ಜಾಣತನ. ಹಾಗೆ ಬಿಡಬೇಕಾದರೆ ಆ ಜಾಗದಲ್ಲಿ ಮರದ ನೆರಳು, ಕೂರಲು ಜಗಲಿ, ಮಾತಾಡಲು ಒಂದು ಮೂಲೆ ಇರಬೇಕು. ಕಾರಿಡಾರ್ ಮತ್ತು ಟೀವಿ ಮಾತ್ರ ಇರುವ ಹೋಟೆಲ್ ಅವರಿಗೆ ಸೆರೆಮನೆ.

ಹಿರಿಯರ ದಾರಿ ಎಷ್ಟು ಉದ್ದ

ಯಾವ ಊರು ಎಂಬ ಚರ್ಚೆಯಲ್ಲಿ ಸಂಬಳ ಹೆಚ್ಚಿರುವವರ ಅಥವಾ ಹೆಚ್ಚು ಮಾತಾಡುವವರ ಊರು ಗೆಲ್ಲುವುದುಂಟು. ಅಳತೆಗೋಲು ಆಗಬೇಕಾದದ್ದು ಅಪ್ಪ ಅಮ್ಮನ ಪ್ರಯಾಣ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ 2024ರ ಸೆಪ್ಟೆಂಬರ್‌ನಿಂದ ಪುಣೆಗೆ ವಂದೇ ಭಾರತ್ ಇದೆ. ಪುಣೆಯವರೆಗೆ ಅವರು ರೈಲಿನಲ್ಲಿ ಬಂದು ಒಂದು ರಾತ್ರಿ ಮಗನ ಮನೆಯಲ್ಲಿ ಉಳಿದು ಎಲ್ಲರೊಡನೆ ಖೋಪೋಲಿಗೆ ಇಳಿಯಬಹುದು. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಕಲಬುರಗಿ, ಬೀದರ್ ಕಡೆಯವರಿಗೆ ಹೈದರಾಬಾದ್ ಹತ್ತಿರ. ಹಳೆ ಮೈಸೂರಿನ ಕುಟುಂಬಗಳಿಗೆ ಬಿಡದಿ ಊರ ಬಾಗಿಲೇ ಸರಿ. ಚೆನ್ನೈಯ ಮಕ್ಕಳು ಬೆಂಗಳೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಮೈಸೂರು ರಸ್ತೆ ಹಿಡಿದರಾಯಿತು. ದೆಹಲಿಯವರಿಗೆ ಎಲ್ಲಿಯಾದರೂ ವಿಮಾನವೇ, ಹಾಗಾಗಿ ಅವರ ಅನುಕೂಲ ಕೊನೆಯಲ್ಲಿ ನೋಡಿದರೂ ನಡೆಯುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಹೋಟೆಲಿನ ಗಾತ್ರಕ್ಕೂ ನಮ್ಮ ಕುಟುಂಬದ ಗಾತ್ರಕ್ಕೂ ಸಂಬಂಧವಿದೆ. 84 ಕೋಣೆಗಳ ರೆಸಾರ್ಟಿನಲ್ಲಿ ಐದಾರು ಕೋಣೆ ಅಂದರೆ ನೂರಕ್ಕೆ ಆರೇಳು ಪಾಲು. ಮೇ ತಿಂಗಳ ವಾರಾಂತ್ಯಕ್ಕೆ ಏಪ್ರಿಲ್‌ನಲ್ಲಿ ಕೇಳಿದರೆ ಸಿಗುವುದು ಕಷ್ಟ, ಸಿಕ್ಕರೆ ಒಟ್ಟಿಗೇ ಸಿಗುವ ಸಾಧ್ಯತೆ ಹೆಚ್ಚು. 287 ಕೋಣೆಗಳ ಹೋಟೆಲಿನಲ್ಲಿ ಕೋಣೆ ಸುಲಭವಾಗಿ ಸಿಕ್ಕೀತು. ಆದರೆ ಎರಡನೇ ಮಹಡಿಯಲ್ಲಿ ಎರಡು, ಐದನೇ ಮಹಡಿಯಲ್ಲಿ ಮೂರು ಎಂದು ಚದುರಿಹೋಗುತ್ತದೆ. ಹಾಗಾಗಿ ಬುಕ್ ಮಾಡುವಾಗಲೇ ಒಂದೇ ಮಹಡಿ, ಅಕ್ಕಪಕ್ಕ, ಸಾಧ್ಯವಾದರೆ ನಡುವೆ ಬಾಗಿಲಿರುವ ಜೋಡಿ ಕೋಣೆ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಕೊಟ್ಟ ಮಾತು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೌಂಟರಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಐದು ಕೋಣೆ ಹಿಡಿದಾಗ ಕಳೆದುಹೋಗುವುದು ಪಡಸಾಲೆ. ವಿಲ್ಲಾದ ಆಕರ್ಷಣೆಯೇ ಅದು. ಇದಕ್ಕೊಂದು ದಾರಿ ಇದೆ. ಐದಾರು ಕೋಣೆ ಒಟ್ಟಿಗೆ ಹಿಡಿಯುವ ಗುಂಪು ಸಂಜೆ ಎರಡು ತಾಸಿಗೆ ಸಣ್ಣ ಸಭಾಕೋಣೆಯನ್ನೋ ಹುಲ್ಲುಹಾಸಿನ ಮೂಲೆಯನ್ನೋ ಕೇಳಿದರೆ ಹೋಟೆಲುಗಳು ಹಲವು ಸಲ ಒಪ್ಪುತ್ತವೆ. ವಾರದ ನಡುವಿನ ದಿನಗಳಲ್ಲಿ ಇನ್ನೂ ಸುಲಭ. ಕೇಳುವವರು ಕಡಿಮೆ, ಅಷ್ಟೆ.

ವಿಲ್ಲಾವೇ ಬೇಕು ಎನ್ನುವವರು ಪಾರ್ಕಿನಿಂದ ಹೊರಗಿನ ಖಾಸಗಿ ಬಂಗಲೆಗಳನ್ನೂ ನೋಡುತ್ತಾರೆ. ಲೋನಾವಳ ಕಡೆ ಇವು ಬೇಕಾದಷ್ಟಿವೆ. ಇಲ್ಲೊಂದು ಸೂಕ್ಷ್ಮವಿದೆ. ವಾರ್ಷಿಕ ವಹಿವಾಟು ಸಣ್ಣದಾಗಿದ್ದು ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲದ ಮಾಲೀಕ ನೇರವಾಗಿ ಬಾಡಿಗೆಗೆ ಕೊಟ್ಟರೆ ತೆರಿಗೆ ಬೀಳುವುದಿಲ್ಲ. ಅದೇ ಬಂಗಲೆಯನ್ನು ಆನ್‌ಲೈನ್ ವೇದಿಕೆಯ ಮೂಲಕ ಹಿಡಿದರೆ ತೆರಿಗೆ ಕಟ್ಟುವ ಹೊಣೆ ವೇದಿಕೆಯದು, ಅದು ನಿಮ್ಮ ಬಿಲ್ಲಿಗೇ ಬರುತ್ತದೆ. ನೇರ ವ್ಯವಹಾರದಲ್ಲಿ ಉಳಿತಾಯವಿದೆ, ಆದರೆ ರದ್ದುಪಡಿಸಿದರೆ ಹಣ ಮರಳಿಸಲು ನಡುವೆ ಯಾರೂ ಇಲ್ಲ. ಹದಿನಾಲ್ಕು ಜನರಲ್ಲಿ ಒಬ್ಬರಿಗೆ ಜ್ವರ ಬರುವುದು ಅಪರೂಪವೇನಲ್ಲ.

ಬುಕಿಂಗ್ ಪರದೆಯ ಮುಂದೆ

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ಮಾರಾಟದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲಿ ಮೂರು ನಮಗೆ ನೇರವಾಗಿ ತಟ್ಟುವಂಥವು: 'ಇನ್ನೆರಡೇ ಕೋಣೆ ಬಾಕಿ' ಎಂಬ ಸುಳ್ಳು ತುರ್ತು, ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕ ಏರಿಸುವುದು, ಕೇಳದೆಯೇ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು. ಒಂದು ಕೋಣೆಗೆ 300 ರೂ. ಅಂದರೆ ಕಣ್ಣಿಗೆ ಬೀಳದು. ಐದು ಕೋಣೆ, ಎರಡು ರಾತ್ರಿಗೆ ಅದು 3,000 ರೂ. ದೊಡ್ಡ ಗುಂಪಿಗೆ ಸಣ್ಣ ಮೋಸವೂ ದೊಡ್ಡದೇ.

ಊಟದ ಬಿಲ್ಲಿನ ಸೇವಾ ಶುಲ್ಕದ ವಿಷಯವೂ ಹಾಗೆಯೇ. ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ಸೇವಾ ಶುಲ್ಕ ಕೊಡುವುದು ಬಿಡುವುದು ಗ್ರಾಹಕನ ಇಷ್ಟ, ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ. ಸೇರಿಸಿದ್ದರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನಿಗೆ ಖುಷಿಯಿಂದ ಕೈಗೆ ಕೊಡುವುದು ಬೇರೆ ಮಾತು, ಅದನ್ನು ತಪ್ಪಿಸಬೇಡಿ.

ಯಾರ ಜೇಬು ಚಿಕ್ಕದು

ಇಷ್ಟೆಲ್ಲ ರೂಪಾಯಿ ಲೆಕ್ಕ ಯಾಕೆ ಎಂದು ಕೆಲವರಿಗೆ ಅನಿಸಬಹುದು. ವರ್ಷಕ್ಕೊಮ್ಮೆ ಸೇರುವುದು, ಎರಡು ಸಾವಿರ ಹೆಚ್ಚಾದರೆ ಏನಂತೆ ಎಂದು. ಐಟಿ ಕಂಪನಿಯಲ್ಲಿರುವ ನಮಗೆ ಏನೂ ಅಲ್ಲ. ಆದರೆ ಒಂದೇ ಮನೆಯ ಮಕ್ಕಳ ಸಂಬಳ ಒಂದೇ ಸಮ ಇರುವುದಿಲ್ಲ. ಊರಲ್ಲೇ ಉಳಿದು ಹೊಲ ನೋಡಿಕೊಳ್ಳುವ ಅಣ್ಣ, ಅತಿಥಿ ಉಪನ್ಯಾಸಕನಾಗಿರುವ ಭಾವ ಇರುತ್ತಾರೆ. ಅಪ್ಪ ಅಮ್ಮನನ್ನು ವರ್ಷದ 360 ದಿನ ನೋಡಿಕೊಳ್ಳುವವರೂ ಹೆಚ್ಚಾಗಿ ಅವರೇ. ನಾವು ಒಂದು ವಿಲ್ಲಾ ಹಿಡಿದು 'ತಲೆಗೆ ಇಷ್ಟು ಹಾಕಿ' ಎಂದಾಗ ಅವರು ಇಲ್ಲ ಎನ್ನುವುದಿಲ್ಲ. ಮುಂದಿನ ವರ್ಷ ಮಗಳ ಪರೀಕ್ಷೆ ಇದೆ ಎನ್ನುತ್ತಾರೆ. ಅದರ ಮುಂದಿನ ವರ್ಷ ಹಸು ಕರು ಹಾಕುತ್ತದೆ. ಹಾಗೆ ಒಂದು ಮನೆ ಸದ್ದಿಲ್ಲದೆ ಗುಂಪಿನಿಂದ ಹೊರಗೆ ಹೋಗುತ್ತದೆ.

ಬಿಡಿ ಕೋಣೆಗಳ ಇನ್ನೊಂದು ಗುಣ ಇಲ್ಲಿ ಕಾಣುತ್ತದೆ. ಅದೇ ಆವರಣದಲ್ಲಿ ಒಬ್ಬರು 4,500ರ ಕೋಣೆ, ಇನ್ನೊಬ್ಬರು 7,000ದ ಕೋಣೆ ಹಿಡಿಯಬಹುದು. ಅವರವರ ಕೋಣೆ ಅವರವರ ಹೊಣೆ. ಅಪ್ಪ ಅಮ್ಮನ ಕೋಣೆ, ಹಿರಿಯರ ಟಿಕೆಟ್, ಒಂದು ಹೊತ್ತಿನ ಒಟ್ಟೂಟ ಇವನ್ನು ಶಕ್ತಿ ಇದ್ದವರು ಹೊತ್ತರಾಯಿತು. ಬೆಲೆಯ ಮಿತಿಯನ್ನು ಮಾತ್ರ ಜೇಬು ಚಿಕ್ಕದಿರುವ ಮನೆಯನ್ನು ಮೊದಲು ಕೇಳಿ ನಿಗದಿಮಾಡಬೇಕು. ಅದೂ ಗುಂಪಿನಲ್ಲಲ್ಲ, ಬೇರೆಯಾಗಿ ಫೋನು ಮಾಡಿ.

ಸರ್ಕಾರ ಮಾಡಬೇಕಾದ್ದು

7,500 ರೂ. ಗೆರೆ ಹಾಕಿದ್ದು 2017ರಲ್ಲಿ, ಜಿಎಸ್‌ಟಿ ಬಂದಾಗ. ಅದರ ಮೇಲೆ ಕೆಳಗೆ ದರಗಳು ಹಲವು ಸಲ ಬದಲಾದವು, ಗೆರೆ ಮಾತ್ರ ಅಲ್ಲೇ ನಿಂತಿದೆ. ಅಂದು ಆ ಬೆಲೆ ಐಷಾರಾಮವೇ ಆಗಿತ್ತು. ಇಂದು ರಜೆಯ ದಿನಗಳಲ್ಲಿ ಪಾರ್ಕ್ ಪಕ್ಕದ ಸಾಧಾರಣ ಕೋಣೆಯೂ ಅದನ್ನು ಮುಟ್ಟುತ್ತದೆ. ಇನ್ನೊಂದು ಕಡೆ, ಶೇ 5ರ ದರದಲ್ಲಿ ಹೋಟೆಲಿನವರಿಗೆ ತಾವು ಕೊಂಡದ್ದರ ಮೇಲೆ ಕಟ್ಟಿದ ತೆರಿಗೆ ಹಿಂದಕ್ಕೆ ಸಿಗುವುದಿಲ್ಲ. ಆ ಹೊರೆಯನ್ನು ಮೂಲ ಬಾಡಿಗೆಗೆ ಸೇರಿಸುವ ಒತ್ತಡ ಅವರಿಗಿದೆ. ಸೇರಿಸಿದರೆ ಮತ್ತಷ್ಟು ಕೋಣೆಗಳು ಗೆರೆ ದಾಟುತ್ತವೆ.

ಗೆರೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಸರಿಸುವುದು ಒಂದು ಪರಿಹಾರ. ಅದಕ್ಕಿಂತ ನ್ಯಾಯವಾದದ್ದು, ನಾಲ್ಕಕ್ಕಿಂತ ಹೆಚ್ಚು ಜನರಿಗೆಂದೇ ಕಟ್ಟಿದ ಘಟಕಗಳಿಗೆ ಮಿತಿಯನ್ನು ಮಲಗುವ ಕೋಣೆಗಳ ಲೆಕ್ಕದಲ್ಲಿ ಇಡುವುದು. ನಾಲ್ಕು ಮಲಗುವ ಕೋಣೆಗಳ ಕಾಟೇಜ್ 28,000 ರೂ. ಆದರೆ ಕೋಣೆಗೆ 7,000 ರೂ. ಎಂದೇ ನೋಡಬೇಕು. ಇದನ್ನು ದುರುಪಯೋಗ ಮಾಡುವವರು ಇದ್ದಾರು ಎಂಬ ಆಕ್ಷೇಪ ಸರಿಯೇ. ಆದರೆ ಒಂದೇ ಬಾಡಿಗೆಯನ್ನು ಐದು ಬಾಗಿಲಾಗಿ ಒಡೆದರೆ ತೆರಿಗೆ ಇಳಿಯುವ ಈಗಿನ ವ್ಯವಸ್ಥೆಯಲ್ಲೂ ದುರುಪಯೋಗಕ್ಕೆ ಜಾಗ ಕಡಿಮೆಯೇನಿಲ್ಲ. ಕುಟುಂಬ ಪ್ರವಾಸದ ಬಗ್ಗೆ ಮಾತಾಡುವ ರಾಜ್ಯಗಳು, ನಮ್ಮ ಕರ್ನಾಟಕವೂ ಸೇರಿ, ಜಿಎಸ್‌ಟಿ ಮಂಡಳಿಯಲ್ಲಿ ಈ ಮಾತೆತ್ತಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು: ಭಾನುವಾರದಿಂದ ಮಂಗಳವಾರ, ಒಂದೇ ಮಹಡಿಯಲ್ಲಿ ಐದು ಸಾಧಾರಣ ಕೋಣೆ, ಮರಳಿ ಒಳಬಿಡುವ ಟಿಕೆಟ್, ಸಂಜೆಗೊಂದು ಸಣ್ಣ ಹಾಲ್. ಮೇ ತಿಂಗಳಿಗೆ ಯೋಚಿಸುತ್ತಿರುವವರು ಊರಿನ ಅಣ್ಣನಿಗೆ ಈ ವಾರವೇ ಫೋನು ಮಾಡಿ. ಕೋಣೆಯ ದರ ಆಮೇಲೆ ನೋಡಿದರಾಯಿತು.